ಖಾರ ತಿಳಿಯದ ನಾಲಗೆ

ಕಳೆದ ಜನವರಿಯ ಒಂದು ಸೋಮವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ನನ್ನ ಅಕ್ಕನ ಗಂಡ ಬಾಯಿ ಸುಡುವಷ್ಟು ಖಾರದ ಮೆಣಸಿನಕಾಯಿ ರಾಶಿಯೊಂದನ್ನು ಸಪ್ಪೆ ಕಾಯಿಯೆಂದು ತಿಳಿದು ಖರೀದಿಸಿದರು. ನಾನು ಮಾಮಾ ಎಂದು ಕರೆಯುವ ಇವರು ಮಸಾಲೆ ಕಾರ್ಖಾನೆಗಳಿಗೆ ಕಾಯಿ ಕೊಂಡು ಕೊಡುವವರು. ಆ ಕಾರ್ಖಾನೆಗಳಿಗೆ ಬಣ್ಣ ಬೇಕು, ಖಾರ ಬೇಡ. ಬಣ್ಣ ಕಣ್ಣಿಗೇ ಗೊತ್ತಾಗುತ್ತದೆ. ಖಾರ ತಿಳಿಯಲು ಮಾಮಾ ಕಾಯಿ ಮುರಿದು, ಬೀಜ ಅಂಟಿಕೊಂಡ ಭಾಗವನ್ನು ನಾಲಗೆಯ ತುದಿಗೆ ಮುಟ್ಟಿಸುತ್ತಿದ್ದರು. ಅವರ ಅನ್ನ ಆ ನಾಲಗೆಯದು.

ಕಾರ್ಖಾನೆ ಲೋಡನ್ನು ವಾಪಸ್ ಕಳಿಸಿತು. ಮಾಮಾರಂತೆಯೇ ಕಾರ್ಖಾನೆಗಳಿಗೆ ಸಪ್ಪೆ ಕಾಯಿ ಕೊಂಡು ಕೊಡುವ ಎದುರಂಗಡಿಯವ ಲಾರಿ ನೋಡಿ, "ಏನ್ರಿ ಸಾವಕಾರ್ರ, ನಾಲಿಗಿ ರಿಪೇರಿಗೆ ಕೊಟ್ಟೀರೇನು?" ಎಂದು ಕೇಳಿದ.

ಇದು ಶುರುವಾದದ್ದು ಅದರ ಹಿಂದಿನ ದೀಪಾವಳಿಗೆ ಮುಂಚೆ, ರಾಣೆಬೆನ್ನೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಮಾಮಾರ ವಸಡಿನಿಂದ ರಕ್ತ ಬರುತ್ತಿತ್ತು. ಹಾವೇರಿಯ ಹಲ್ಲಿನ ಡಾಕ್ಟರಿಗೆ ಹೆದರಿದ ಅವರು ಬಾಯಿ ಮುಕ್ಕಳಿಸುವ ಔಷಧದ ಪ್ರದರ್ಶನಕ್ಕೆ ನನ್ನನ್ನು ಕರೆದುಕೊಂಡು ಹೋದರು. ಹಿಂದಿನ ವರ್ಷ ಅದೇ ಮಂಟಪದಲ್ಲಿ ನೀರು ಶುದ್ಧ ಮಾಡುವ ಯಂತ್ರ ಮಾರಿದ್ದ ಮನುಷ್ಯ ಈ ಸಲ ಬಿಳಿ ಕೋಟು ತೊಟ್ಟಿದ್ದ. ಬೇವಿನೆಲೆಯ ಕಷಾಯಕ್ಕೆ ಬೆಳ್ಳಿಯ ಲವಣದ ದ್ರಾವಣ ಸುರಿದ. ಅದು ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗಿತು. ಜನ ಚಪ್ಪಾಳೆ ತಟ್ಟಿದರು.

"ಇದ್ರಾಗ ನ್ಯಾನೊ ಕಣ ಅದಾವ್ರಿ. ಕೆಟ್ಟ ಕ್ರಿಮಿ ಹುಡುಕಿ ಹುಡುಕಿ ಕೊಲ್ತಾವ."

"ಒಳ್ಳೆ ಕ್ರಿಮಿ ಗುರ್ತು ಹೆಂಗ ಹಿಡೀತಾವ?" ಎಂದೆ.

"ಸರ್ ಪೇಪರಿನವ್ರು ಕಾಣ್ತಾರ," ಎಂದ. ಎಲ್ಲರೂ ನಕ್ಕರು. ಮಾಮಾ ಒಂದು ಬಾಟಲಿ ಕೊಂಡರು.

ಗಿಡದ ರಸದಿಂದ ಬೆಳ್ಳಿಯ ಇಂಥ ಅತಿಸೂಕ್ಷ್ಮ ಕಣ ಮಾಡಬಹುದು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅವು ಬಾಯಿಯ ಕ್ರಿಮಿಗಳನ್ನು ಕೊಲ್ಲುವುದೂ ನಿಜ. ಗಾಜಿನ ತಟ್ಟೆಗೆ ನಾಲಗೆ ಇರುವುದಿಲ್ಲ. ಬಾಟಲಿಯ ಮೇಲೆ ಬೇವಿನೆಲೆಯ ಚಿತ್ರ ದೊಡ್ಡದಾಗಿತ್ತು. ಒಳಗೆ ಬೆಳ್ಳಿ ಎಷ್ಟಿದೆ ಎಂದು ಎಲ್ಲಿಯೂ ಬರೆದಿರಲಿಲ್ಲ. ನೀರು ಬೆರೆಸಿ ಬಳಸಬೇಕು ಎಂದು ಮಾತ್ರ ಇತ್ತು.

ದಿನವಿಡೀ ಮೆಣಸಿನಕಾಯಿ ಘಾಟಿನಲ್ಲಿ ಕೂರುವವರಿಗೆ ಉರಿಯದ್ದು ಯಾವುದೂ ಲೆಕ್ಕಕ್ಕಿಲ್ಲ. ನೀರು ಬೆರೆಸಿದ ಔಷಧ ಮಾಮಾರಿಗೆ ಉರಿಯಲಿಲ್ಲ. ಮರುದಿನದಿಂದ ನೀರು ಬೆರೆಸುವುದನ್ನೇ ಬಿಟ್ಟರು. ಹಂಡೆಯ ನೀರು ಕಾಯುವವರೆಗೆ ಔಷಧವನ್ನು ಬಾಯಲ್ಲಿ ತುಂಬಿಕೊಂಡು ಬಚ್ಚಲ ಬಾಗಿಲಲ್ಲಿ ಕೂರತೊಡಗಿದರು.

"ಅದರ ಮ್ಯಾಲ ಬರದದ್ದು ಓದ್ರಿ," ಎಂದಳು ಅಕ್ಕ.

ಮಾಮಾ ಉಗುಳಿ ಬಂದು ಹೇಳಿದರು: "ಉರೀಲಾರದ್ದು ಔಷಧ ಹೆಂಗಾಗತೈತಿ? ನಿನ್ನ ಸಾರಿನಂಗ ಆತು."

"ಸಾರಿಗೆ ನಿನ್ನೆ ಎರಡು ಸಲ ಉಪ್ಪು ಹಾಕೇನಿ. ಮನಿಮಂದಿಯೆಲ್ಲ ಬಿಟ್ಟೆದ್ದಾರ. ನಿಮಗಷ್ಟ ಸಪ್ಪಗ ಹತ್ತಾಕತ್ತೈತಿ."

ಮಾಮಾ ಮಾರಾಟಗಾರನಿಗೆ ಫೋನ್ ಮಾಡಿ ರುಚಿ ತಿಳಿಯುತ್ತಿಲ್ಲ ಎಂದರು. "ಹಂಗ ಆಗಬೇಕ್ರಿ. ಔಷಧ ಕೆಲಸ ಮಾಡಾಕತ್ತೈತಿ. ಇನ್ನೊಂದು ಬಾಟ್ಲಿ ಕಳಸ್ಲೇನು?" ಎಂದ ಅವನು. ಮಾಮಾ ತರಿಸಿಕೊಂಡರು.

ಹಾವೇರಿಗೆ ಹೋದದ್ದು ಲೋಡು ವಾಪಸಾದ ಮೇಲೆ. ಡಾಕ್ಟರು ಹಲ್ಲಿನ ಪಾಚಿ ತೆಗೆದರು, ರಕ್ತ ನಿಂತಿತು. ಬಾಟಲಿಯನ್ನು ಬಿಡಲು ಹೇಳಿದರು. ಒಳಗೇನಿದೆ ಎಂದು ತಿಳಿಯದೆ ನಾಲಗೆಯ ಬಗ್ಗೆ ಖಚಿತವಾಗಿ ಹೇಳಲಾಗದು, ರುಚಿ ಮರಳಬಹುದು ಎಂದರು. ಮಾರಾಟಗಾರ ಈಗ ಮೊಣಕಾಲು ನೋವಿನ ಎಣ್ಣೆ ಮಾರುತ್ತಾನೆ. ಅದರಲ್ಲೂ ನ್ಯಾನೊ ಇದೆಯಂತೆ.

ಈ ಗುರುವಾರ ಮಾಮಾ ಮಾರುಕಟ್ಟೆಯಲ್ಲಿ ಒಂದು ರಾಶಿಯ ಮುಂದೆ ಕಾಯಿ ಮುರಿದು ನಾಲಗೆಗೆ ಮುಟ್ಟಿಸಿದರು. ಮತ್ತೊಮ್ಮೆ ಮುಟ್ಟಿಸಿದರು. ಕಡೆಗೆ ಉಳಿದರ್ಧವನ್ನು ಎದುರಂಗಡಿಯವನಿಗೆ ಚಾಚಿದರು.

"ಖಾರ ಐತೇನು, ನೋಡ್ರಿ."

ಆತ ನಾಲಗೆಗೆ ಮುಟ್ಟಿಸಿ, "ಬೆಂಕಿ ಐತ್ರಿ. ಬಿಟ್ಟುಬಿಡ್ರಿ," ಎಂದ.

ಮಾಮಾ ಬಿಟ್ಟರು. ಖರೀದಿದಾರರು ಗುಟ್ಟಾಗಿ ದರ ಬರೆದು ಹಾಕಿದ ಟೆಂಡರ್ ತೆರೆದಾಗ, ಎಲ್ಲರಿಗಿಂತ ಹೆಚ್ಚು ದರ ಬರೆದಿದ್ದ ಎದುರಂಗಡಿಯವನಿಗೇ ಆ ರಾಶಿ ಆಗಿತ್ತು.