ಅವರವರ ಫೋಲ್ಡರು ಅವರವರಿಗೆ

ನಮ್ಮ ಪ್ರೆಸ್ಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವರು ಬೀಗದಣ್ಣ. ಬಾಗಿಲಿಗೆ ಬೀಗ ಹಾಕಿ, ಮೂರು ಸಲ ಜಗ್ಗಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ನಾಲ್ಕನೆಯ ಸಲ ಜಗ್ಗುವ ಮನುಷ್ಯ. ಟೀ ತಂದುಕೊಟ್ಟರೆ “ಯಾರು ಹೇಳಿದ್ದು?” ಅನ್ನುವರು. ಆರೋಗ್ಯ ಹೇಗಿದೆ ಅಂದರೆ “ಯಾಕೆ, ಯಾರಾದ್ರೂ ಏನಾದ್ರೂ ಅಂದ್ರಾ?” ಅನ್ನುವರು. ಪ್ರೂಫ್ ನೋಡುವ ನಾನು ಹದಿನಾಲ್ಕು ವರ್ಷ ಅವರ ಎದುರು ಮೇಜಿನಲ್ಲಿ ಕೂತವಳು. ಅಷ್ಟೂ ವರ್ಷ ಅವರ ಕಂಪ್ಯೂಟರಿನ ಬೆನ್ನನ್ನಷ್ಟೇ ನೋಡಿದ್ದೇನೆ.

ನಮ್ಮದು ರಟ್ಟಿನ ಡಬ್ಬಿ ಅಚ್ಚುಹಾಕುವ ಪ್ರೆಸ್ಸು. ಸೋಪು, ಮೇಣದಬತ್ತಿ, ಕೆಮ್ಮಿನ ಔಷಧಿ ಮಾಡುವವರೆಲ್ಲ ನಮ್ಮ ಗಿರಾಕಿಗಳು. ಡಬ್ಬಿಯ ಚಿತ್ರವನ್ನು ಅವರು ಕೂತಲ್ಲಿಂದಲೇ ನಮ್ಮ ಸರ್ವರ್ ಕಂಪ್ಯೂಟರಿಗೆ ಕಳಿಸುತ್ತಾರೆ. ಪೇಚಾಟ ಇರುವುದು ಇಲ್ಲೇ. ಒಬ್ಬರ ಮುಖ ಒಬ್ಬರಿಗಾಗದ ಹಳೇ ಸೋಪಿನವರು, ಹೊಸ ಸೋಪಿನವರು ಇಬ್ಬರೂ ಬರುವುದು ಇದೇ ಸರ್ವರ್‌ಗೆ. ಅದಕ್ಕೇ ಸರ್ವರ್ ನೋಡಿಕೊಳ್ಳುವ ಬೀಗದಣ್ಣ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಫೋಲ್ಡರು ಮಾಡಿಕೊಟ್ಟಿದ್ದರು. ಪಾಸ್‌ವರ್ಡ್ ಹಾಕಿ ಒಳಗೆ ಬಂದವನಿಗೆ ಅದೊಂದೇ ಕಾಣಬೇಕು. ಒಂದು ಮೆಟ್ಟಿಲು ಹಿಂದೆ ಹೋಗಲು ನೋಡಿದರೂ ಅಲ್ಲೇ ನಿಲ್ಲಬೇಕು. ಪಕ್ಕದಲ್ಲಿ ಇನ್ನೊಬ್ಬನಿದ್ದಾನೆ ಅನ್ನುವ ಸುಳಿವೂ ಸಿಗಬಾರದು.

“ಮನುಷ್ಯನಿಗೆ ಗೋಡೆ ತೋರಿಸಿದ್ರೆ ಹತ್ತೋಕೆ ನೋಡ್ತಾನೆ,” ಅನ್ನುತ್ತಿದ್ದರು. “ಗೋಡೆ ಇದೆ ಅಂತಲೇ ಗೊತ್ತಾಗಬಾರದು.”

ಅವರದು ಇನ್ನೊಂದು ಕಟ್ಟುನಿಟ್ಟು. ಹೊಸ ಗಿರಾಕಿ ಪಾಸ್‌ವರ್ಡ್ ಇಡುವಾಗ ಕುರ್ಚಿ ಬಿಟ್ಟುಕೊಟ್ಟು, ತಾವು ಗೋಡೆಗೆ ಮುಖ ಮಾಡಿ ನಿಲ್ಲುವರು. “ನಂಗೆ ಗೊತ್ತಿದ್ರೆ ತಾನೇ ನಾಳೆ ನನ್ನ ಮೇಲೆ ಅನುಮಾನ ಬರೋದು?” ಊರನ್ನೆಲ್ಲ ಅನುಮಾನಿಸುವವರಿಗೆ ಊರು ತಮ್ಮನ್ನೂ ಅನುಮಾನಿಸೀತು ಅನ್ನುವ ಭಯ. ಹಾಗಾಗಿ ಗಿರಾಕಿಯ ಹೆಸರಲ್ಲಿ ಒಳಗೆ ಹೋದರೆ ಏನು ಕಾಣುತ್ತದೆ ಅಂತ ಅವರು ಒಂದು ದಿನವೂ ನೋಡಿದವರಲ್ಲ. ಹೋಗುವುದೆಲ್ಲ ತಮ್ಮದೇ ಹೆಸರಲ್ಲಿ, ಆ ಹೆಸರಿಗೆ ಎಲ್ಲವೂ ಕಾಣುತ್ತಿತ್ತು.

ಒಂದು ಮಂಗಳವಾರ ಹಳೇ ಸೋಪಿನವರು ಬಂದು ಯಜಮಾನರ ಮೇಜಿನ ಮೇಲೆ ಒಂದು ಡಬ್ಬಿ ಕುಕ್ಕಿದರು. ಅಂಗಡಿಯಲ್ಲಿ ಕೊಂಡದ್ದು.

“ನನ್ನ ಬಣ್ಣ, ನನ್ನ ಬಾತುಕೋಳಿ. ಹೆಸರು ಮಾತ್ರ ಆ ಹೊಸಬನದು, ಅಚ್ಚು ಬೇರೆ ಪ್ರೆಸ್ಸಿಂದು. ನಂದಿನ್ನೂ ಅಚ್ಚಿಗೇ ಹೋಗಿಲ್ಲ. ಹೇಗೆ ಹೋಯ್ತು ಇದು?”

ಬೀಗದಣ್ಣ ಕಣ್ಣು ಮಿಟುಕಿಸದೆ ಹೇಳಿದರು: “ಸರ್ವರ್‌ನಿಂದ ಹೋಗಿಲ್ಲ. ಹೋಗಿದ್ರೆ ಮನುಷ್ಯರಿಂದ.”

ಆಮೇಲೆ ಮೂರು ದಿನ ಮೈಯೆಲ್ಲ ಕಣ್ಣಾಗಿ ಓಡಾಡಿದರು. ಕಟಿಂಗ್ ಮೆಷಿನ್ನಿನವನ ಫೋನ್ ನೋಡಿದರು, ಕಸದ ಬುಟ್ಟಿ ಮಗುಚಿದರು, ನನ್ನ ಕೈಚೀಲದಲ್ಲಿ ಏನಿದೆ ಅಂತಲೂ ಕೇಳಿದರು. “ಬಾಚಣಿಗೆ ಇದೆ, ತಲೆ ಬಾಚ್ಕೊಳ್ತೀರಾ?” ಅಂದೆ. ಕೊನೆಗೆ ಅವರ ಕಣ್ಣು ಬಿದ್ದದ್ದು ಡಬ್ಬಿಯ ಚಿತ್ರ ಸರಿಮಾಡುವ ಹುಡುಗಿಯ ಮೇಲೆ. ಅವಳು ಅವರ ಸ್ವಂತ ನಾದಿನಿ, ಹೆಂಡತಿಯ ತಂಗಿ. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿಸಿದ್ದೂ ಅವರೇ.

ಆ ಬಾತುಕೋಳಿಯ ಕೆಲಸ ಮುಗಿಯದೆ ಅವಳು ಒಂದು ಸಂಜೆ ಫೈಲನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದಿದ್ದಳು. ಅವಳ ಗೆಳತಿಯ ಗಂಡ ಹೊಸ ಸೋಪಿನವರ ಗೋದಾಮಿನಲ್ಲಿದ್ದ. ಸಾಲದೆ, ಪೆನ್‌ಡ್ರೈವ್ ಮಾತೆತ್ತಿದಾಗ ಅವಳ ಕೈ ತಾನಾಗಿ ಚೀಲಕ್ಕೆ ಹೋಯಿತು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಳು,” ಅಂದರು ಬೀಗದಣ್ಣ. ಅವಳು ಫೈಲು ಒಯ್ದ ದಿನ, ಗಂಟೆ, ನಿಮಿಷ ಎಲ್ಲ ಕಾಗದಕ್ಕಿಳಿಸಿ ಯಜಮಾನರಿಗೆ ಕೊಟ್ಟರು.

“ಭಾವ, ನಾನು ಹಾಗೆ ಮಾಡ್ತೀನಾ?” ಅಂದಳು ಅವಳು. ಬೀಗದಣ್ಣ ಕೀಲಿಗೊಂಚಲು ಎಣಿಸುತ್ತಿದ್ದರು. ಶನಿವಾರದಿಂದ ಬರಬೇಡ ಅಂತ ಅವಳಿಗೆ ಹೇಳಿಯಾಯಿತು. ಅವಳ ಪರವಾಗಿ ನಾನಾದರೂ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಇದ್ದರೂ ಇರಬಹುದೇನೋ ಅಂತ ನನಗೂ ಅನ್ನಿಸಿತ್ತು, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಗುರುವಾರ ಮೇಣದಬತ್ತಿಯಮ್ಮ ಬಂದರು. ತಿದ್ದಿದ ಚಿತ್ರ ಕಳಿಸಲು ಕೌಂಟರಿನಲ್ಲಿ ಗಿರಾಕಿಗಳಿಗೆಂದು ಇಟ್ಟ ಕಂಪ್ಯೂಟರಿನ ಮುಂದೆ ಕೂತು ನನ್ನನ್ನು ಕರೆದರು.

“ಒಂದು ಉಪಕಾರ ಮಾಡ್ಸಮ್ಮ. ಈ ‘ಅಳತೆ’ ಫೋಲ್ಡರ್ ತೆಗೆದ್ರೆ ಇಷ್ಟುದ್ದ ಪಟ್ಟಿ ಬರುತ್ತೆ. ಸೋಪು, ಔಷಧಿ, ಎಲ್ಲಾರದ್ದೂ. ಅದ್ರಲ್ಲಿ ಡಬ್ಬಿ ಅಳತೆ ಹುಡುಕೋಕೆ ಕಣ್ಣು ನೋಯುತ್ತೆ.”

ತಕ್ಷಣ ಬೀಗದಣ್ಣನನ್ನು ಕರೆದೆ. ಅವರು ಬಂದವರೇ “ಹೀಗೆ ಕೇಳು ಅಂತ ನಿಮಗೆ ಹೇಳಿಕೊಟ್ಟಿದ್ದು ಯಾರು?” ಅಂದರು. ಆಕೆ ಮತ್ತೊಮ್ಮೆ ಪಾಸ್‌ವರ್ಡ್ ಒತ್ತಿ ‘ಅಳತೆ’ ತೆಗೆಯುವಷ್ಟು ಹೊತ್ತು ಗೋಡೆಗೆ ಮುಖ ಮಾಡಿ ನಿಂತರು. ತಿರುಗಿದರೆ ಪರದೆಯ ಮೇಲೆ ಎಲ್ಲ ಗಿರಾಕಿಗಳ ಫೋಲ್ಡರುಗಳೂ ಸಾಲಾಗಿ ನಿಂತಿದ್ದವು. ಹಳೇ ಸೋಪಿನವರದನ್ನು ಒತ್ತಿದರು. ಬಾತುಕೋಳಿ ಬಂತು.

“ಯಾವಾಗಿಂದ ಹೀಗಿದೆ?”

“ಮೂರು ತಿಂಗಳಾಯ್ತು. ಎಲ್ಲಾರಿಗೂ ಹೀಗೇ ಅಂದ್ಕೊಂಡಿದ್ದೆ.”

ಮೂರು ತಿಂಗಳ ಹಿಂದೆ, ಡಬ್ಬಿಗಳ ಅಳತೆಪಟ್ಟಿ ಎಲ್ಲರಿಗೂ ಸಿಗಲಿ ಅಂತ ಪ್ರತಿ ಗಿರಾಕಿಯ ಫೋಲ್ಡರಿನೊಳಗೂ ‘ಅಳತೆ’ ಅನ್ನುವ ಒಂದು ಬಾಗಿಲು ಇಟ್ಟವರು ಬೀಗದಣ್ಣನೇ. ಆ ಬಾಗಿಲು ಅಳತೆಯ ಕೋಣೆಗೆ ತೆರೆಯಬೇಕಿತ್ತು. ಇವರು ಒಂದು ಮೆಟ್ಟಿಲು ಮೇಲೆ, ಎಲ್ಲ ಕೋಣೆಗಳಿರುವ ಪಡಸಾಲೆಗೆ ತೆರೆದಿಟ್ಟಿದ್ದರು. ಒಂದೇ ಒಂದು ಸಲ ಗಿರಾಕಿಯ ಕಣ್ಣಿಂದ ನೋಡಿದ್ದರೆ ಸಾಕಿತ್ತು.

ಒಂದು ಮಾತು ಒಪ್ಪಬೇಕು, ಮುಚ್ಚಿಹಾಕಲು ಅವರು ನೋಡಲಿಲ್ಲ. ನೇರ ಯಜಮಾನರ ಕೋಣೆಗೆ ಹೋಗಿ “ತಪ್ಪು ನಂದೇ” ಅಂದರು. ಯಜಮಾನರು ಆಗಲೇ ಹುಡುಗಿಗೆ ಫೋನ್ ಮಾಡಿದರು. ಭಾನುವಾರ ಬೀಗದಣ್ಣ ಅವಳ ಮನೆಗೆ ಹೊರಟಾಗ, ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡರು. ಅವಳು ಬಾಗಿಲಲ್ಲೇ ನಿಂತಳು.

“ಯಜಮಾನರು ಎಲ್ಲ ಹೇಳಿದ್ರು. ಅವರು ನನ್ನನ್ನ ನೋಡಿದ್ದು ಎರಡು ವರ್ಷ. ನೀವು ಆ ಕಾಗದ ಕೊಟ್ಟಾಗ ‘ಅವಳು ಹಾಗೆ ಮಾಡಿರಲಾರಳು’ ಅಂದ್ರಂತೆ. ನೀವು ನನ್ನ ಹನ್ನೊಂದನೇ ವಯಸ್ಸಿಂದ ನೋಡಿದೀರಿ. ಅದಕ್ಕೆ ನೀವು ‘ಯಾರನ್ನ ನಂಬೋಕಾಗುತ್ತೆ’ ಅಂದ್ರಂತೆ.”

ಬೀಗದಣ್ಣ ಒಂದು ಮೆಟ್ಟಿಲು ಕೆಳಗಿಳಿದರು.

“ಕೆಲಸ ಬೇಕು, ಬರ್ತೀನಿ,” ಅಂದಳು.

ಸೋಮವಾರ ಬಂದಳು. ತನ್ನ ಜಾಗದಲ್ಲಿ ಕೂತು ಮಧ್ಯಾಹ್ನದವರೆಗೆ ತಲೆಯೆತ್ತದೆ ಕೆಲಸ ಮಾಡಿ, ಆಮೇಲೆ ಬೀಗದಣ್ಣನ ಮೇಜಿನ ಹತ್ತಿರ ಹೋದಳು. “ಸರ್, ಮೇಣದಬತ್ತಿ ಡಬ್ಬಿ ಕಳಿಸಿದೀನಿ,” ಅಂದಳು. ಮನೆಯಲ್ಲೂ, ಅಕ್ಕನ ಎದುರಿಗೂ, ಈಗ ಅವರನ್ನು ಸರ್ ಅಂತಲೇ ಕರೆಯುತ್ತಾಳಂತೆ.