ಕೆರಗೋಡಿಗೆ ಹನ್ನೊಂದು ಕಿಲೋಮೀಟರ್

ಕ್ರೇನ್ ರಿಪೇರಿಗೆ ನನ್ನನ್ನು ದುಬೈಯಿಂದ ಸಿಂಗಪುರಕ್ಕೆ ಕಳಿಸಿದರು. ಏಳು ಗಂಟೆಯ ದಾರಿ. ಊರಿಗೆ ಹೋಗಿಬರಲು ರಜೆ ಕೊಡಲಿಲ್ಲ. "ಮಧ್ಯಾಹ್ನ ಮೂರಕ್ಕೆ ನಮ್ಮೂರ್ ಮೇಲೇ ಓಯ್ತೀನಿ ಕಣಮ್ಮಿ," ಅಂತ ಹೆಂಡತಿಗೆ ಫೋನಿನಲ್ಲಿ ಹೇಳಿದ್ದೆ.

ಸೀಟಿನ ಮುಂದಿದ್ದ ಪರದೆಯಲ್ಲಿ ವಿಮಾನದ ಚಿತ್ರ ಸಮುದ್ರ ದಾಟಿ, ಮೈಸೂರು ಬೆಂಗಳೂರುಗಳ ನಡುವೆ ಬಂತು. ಎತ್ತರ ಹನ್ನೊಂದು ಕಿಲೋಮೀಟರ್ ಅಂತ ತೋರಿಸಿತು. ನಮ್ಮೂರು ಕೆರಗೋಡಿನಿಂದ ಮಂಡ್ಯಕ್ಕೇ ಬಸ್ಸಿನಲ್ಲಿ ಅದಕ್ಕಿಂತ ದೂರ. ಎರಡು ವರ್ಷದಲ್ಲಿ ಅವಳಿಗೆ ಇಷ್ಟು ಹತ್ತಿರ ನಾನು ಬಂದೇ ಇರಲಿಲ್ಲ.

ಇಳಿದ ಕೂಡಲೇ ಫೋನ್ ಮಾಡಿದೆ.

"ತಾರ್ಸಿ ಮೇಲೆ ನಿಂತಿದ್ದೆ. ಮೂರು ಇಮಾನ ಓದ್ವು. ನಿಮ್ದು ಯಾವ್ದು ಅಂತ ಗೊತ್ತಾಗ್ನಿಲ್ಲ, ಮೂರಕ್ಕೂ ಕೈ ಬೀಸ್ದೆ. ಕಂಡ್ನಾ ನಾನು?"

"ಊಂ, ಕಂಡೆ ಕಣಮ್ಮಿ," ಅಂದೆ.

ನನ್ನದು ನಡುವಿನ ಸೀಟು. ಕಿಟಕಿ ಪಕ್ಕದವನು ಅದನ್ನು ಮುಚ್ಚಿಕೊಂಡು ದಾರಿಯುದ್ದಕ್ಕೂ ಗೊರಕೆ ಹೊಡೆದಿದ್ದ.