ದೇವರ ಜಗಲಿಯ ಮೇಲೆ ಕುಳಿತವಳು ಯಾರು?

"ಈಕಿ ಹಣಿಗಿ ಕುಂಕುಮ ಹಾಕಲೋ ಬ್ಯಾಡೋ ರೀ ವೈನಿ?"

ಹುಪರಿಯ ಬೆಳ್ಳಿ ಕೆಲಸದವರು ಕೇಳಿದ್ದು ಇಷ್ಟೇ. ಪಾಪ, ಅವರದೇನೂ ತಪ್ಪಿಲ್ಲ. ಆ ಒಂದು ಪ್ರಶ್ನೆಯನ್ನು ನಾನು ಇಚಲಕರಂಜಿಯ ಮನೆಗೆ ಹೊತ್ತು ತಂದೆ ನೋಡಿ, ಅಲ್ಲಿಂದ ಶುರುವಾಯಿತು.

ನಮ್ಮ ದೇವರ ಜಗಲಿಯ ಮೇಲೆ ಟಾಕ್‌ಗಳಿವೆ. ಹೆಬ್ಬೆರಳಗಲದ ಬೆಳ್ಳಿ ತಗಡು, ಮೇಲೆ ಉಬ್ಬು ಚಿತ್ರ. ಕುದುರೆಯೇರಿದ ಜೋತಿಬಾ, ಅಂಬಾಬಾಯಿ, ಮತ್ತೆ ಮನೆಯ ಹಿರಿಯರು. ಕೊನೆಯದರಲ್ಲಿ ಒಬ್ಬಳೇ ಹೆಂಗಸು. ಸೊಸೆಯಾಗಿ ಬಂದಾಗಿನಿಂದ ನಾನು ಇವನ್ನು ಹುಣಸೆಹಣ್ಣು ಹಚ್ಚಿ ತೊಳೆದಿದ್ದೇನೆ. ನನಗಿಂತ ಮುಂಚೆ ನಮ್ಮ ಅತ್ತೆ, ಅವರಿಗಿಂತ ಮುಂಚೆ ಇನ್ಯಾರೋ. ತೊಳೆದೂ ತೊಳೆದೂ ಮುಖಗಳೇ ಸವೆದುಹೋಗಿವೆ. (ಭಕ್ತಿ ಹೆಚ್ಚಾದರೂ ಕಷ್ಟವೇ!)

ಹೊಸದಾಗಿ ಮಾಡಿಸಲು ಕೊಟ್ಟೆವು. ಜೋತಿಬಾನ ಮುಖ ಕೆಲಸದವರಿಗೆ ಗೊತ್ತು. ಆ ಹೆಂಗಸಿನದು? ಮುತ್ತೈದೆಯಾದರೆ ಹಣೆಗೆ ಕುಂಕುಮ, ಕೊರಳಿಗೆ ತಾಳಿ ಮೂಡಿಸಬೇಕಂತೆ. ಅಲ್ಲದಿದ್ದರೆ ಬರಿಯ ಹಣೆ.

ಹಾಗಾದರೆ ಆಕೆ ಯಾರು?

ಕಾರ್ಡು ಬರೆದು ಗಡಹಿಂಗ್ಲಜದಿಂದ ಕಾಕಾನನ್ನು ಕರೆಸಿದೆವು. ನನ್ನ ಮಾವನವರ ತಮ್ಮ, ಸಾಲೆ ಮಾಸ್ತರರಾಗಿ ರಿಟೈರಾದವರು. ಈಗ ಮನೆತನದ ವಂಶಾವಳಿ ಬರೆಯುವುದೇ ಅವರ ಉದ್ಯೋಗ. ಉತ್ತೂರಿನ ಮೂಲ ಮನೆಯವರೆಗೂ ಎಸ್.ಟಿ. ಬಸ್ಸಿನಲ್ಲಿ ಅಲೆದು, ಸಿಕ್ಕ ಮುದುಕರನ್ನೆಲ್ಲ ಮಾತಾಡಿಸಿ, ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಮರ ಬಿಡಿಸಿದ್ದಾರೆ. ಕೊಂಬೆಗೊಬ್ಬ ಗಂಡಸು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಹೆಂಡತಿ.

ಕಾಕಾನ ಅಕ್ಕ ಇರುವುದು ನಮ್ಮಲ್ಲೇ. ನಾವೆಲ್ಲ ಅತ್ಯಾ ಅನ್ನುತ್ತೇವೆ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು.

ಭಾನುವಾರ ಊಟವಾದ ಮೇಲೆ ಕಾಕಾ ಶೀಟು ಬಿಚ್ಚಿದರು. (ದೇವರು ದೊಡ್ಡವನು. ಜಗಳ ಊಟಕ್ಕೆ ಮೊದಲೇ ಆಗಿದ್ದರೆ ಅಷ್ಟು ಹೋಳಿಗೆ ಯಾರು ತಿನ್ನಬೇಕಿತ್ತು?)

"ಟಾಕಿನ್ಯಾಗ ಇರಾಕಿ ನಮ್ಮ ಅಜ್ಜಿ," ಎಂದರು ಕಾಕಾ. "ಮುತ್ತೈದಿಯಾಗೇ ಹ್ವಾದಾಕಿ. ಅಪ್ಪ ಈ ಟಾಕಿಗೆ ಕೈಮುಗಿಯೂವಾಗ ಅವ್ವಾ, ಅವ್ವಾ ಅಂತಿದ್ದ. ಮತ್ತೇನ ಪುರಾವೆ ಬೇಕು?"

"ಅಜ್ಜಿ ಅಲ್ಲೋ, ಅಜ್ಜನ ತಂಗಿ," ಎಂದರು ಅತ್ಯಾ. "ಅಪ್ಪನ್ನ ಹಡದಾಕಿ ಪ್ಲೇಗಿನ್ಯಾಗ ಹ್ವಾದ್ಲು. ಅಪ್ಪ ಆಗ ಕೈಗೂಸು. ಎತ್ತಿ ಬೆಳಸಿದಾಕಿ ಈಕಿ. ಗಂಡ ಸತ್ತು ತಿರಗಿ ಬಂದಿದ್ಲು. ಅಪ್ಪನೇ ನನ್ನ ಮುಂದ ಹೇಳ್ಯಾನ."

ನೋಡಿ, ಇಬ್ಬರಿಗೂ ಸಾಕ್ಷಿ ಒಬ್ಬರೇ, ಅವರಪ್ಪ. ಅವರು ಹೋಗಿ ಎಷ್ಟೋ ಕಾಲವಾಯಿತು.

"ಅಕ್ಕಾ, ನಿನಗ ತಿಳ್ಯಾಂಗಿಲ್ಲ, ಸುಮ್ಮನಿರು. ಕುಂಕುಮ ಅಳಿಸಿದಾಕಿನ್ನ ಯಾರರ ದೇವರ ಜೋಡಿ ಕುಂದರಸ್ತಾರೇನು?"

ಹೇಳಿದ್ದು ಯಾರಿಗೆ? ಬರಿಯ ಹಣೆಯ ಸ್ವಂತ ಅಕ್ಕನಿಗೆ. ನಮ್ಮನೆಯವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿದರು. ಗೋಡೆಯಾಚೆಯ ಮಗ್ಗಗಳು ಮಾತ್ರ ಖಟಖಟ ಎನ್ನುತ್ತಲೇ ಇದ್ದವು.

ಅತ್ಯಾ ಅಳಲಿಲ್ಲ. "ಅವ್ವ ಅಂದ್ರ ಹಡದಾಕೀನೇ ಆಗಬೇಕೇನ್ಲೇ? ಸಣ್ಣಾಂವ ಇದ್ದಾಗ ನೀ ನನಗ ಏನಂತಿದ್ದಿ?"

ಅವರಿಬ್ಬರ ತಾಯಿ ತೀರಿಕೊಂಡಾಗ ಕಾಕಾ ಇನ್ನೂ ತೊದಲುತ್ತಿದ್ದರಂತೆ. ಉಣಿಸಿದವರು, ರೊಟ್ಟಿ ಕಟ್ಟಿ ಸಾಲೆಗೆ ಕಳಿಸಿದವರು ಈ ಅಕ್ಕ. ದಿನವಿಡೀ ಅವ್ವಾ, ಅವ್ವಾ ಎಂದು ಸೆರಗು ಹಿಡಿದು ತಿರುಗಿದವರು ಈ ಕಾಕಾ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಕಾಕಾ ಶೀಟಿನ ಮೇಲಿಂದ ಕಣ್ಣೆತ್ತಲಿಲ್ಲ. "ಆ ಮಾತು ಬ್ಯಾರೆ, ಅಕ್ಕಾ."

ಹೇಗೆ ಬೇರೆ? ಯಾರೂ ಕೇಳಲಿಲ್ಲ. ನಾನು ಕೇಳಿದ್ದು ಇನ್ನೊಂದು. "ಕಾಕಾ, ಇದರಾಗ ಅತ್ಯಾನ ಹೆಸರು ಎಲ್ಲೈತ್ರಿ?"

"ಹೆಣ್ಣಮಕ್ಕಳ ಹೆಸರು ಕೊಟ್ಟ ಮನಿ ವಂಶಾವಳಿಯಾಗ ಬರ್ತಾವ, ಸೂನಬಾಯಿ." (ಸೊಸೆಯಾದ ನನ್ನನ್ನು ಅವರು ಕರೆಯುವುದು ಹಾಗೆ.)

ಕೊಟ್ಟ ಮನೆ! ಗಂಡನ ದಿನಕರ್ಮ ಮುಗಿಯುತ್ತಲೇ ಸೀರೆಯ ಗಂಟು ಕೈಗಿತ್ತು ಕಳಿಸಿದ ಮನೆ. ಅಲ್ಲಿ ಈಕೆಯ ಹೆಸರು ಬರೆಯುವ ಪುಣ್ಯಾತ್ಮ ಯಾವನಿದ್ದಾನೆ?

ಕೊನೆಗೆ ನಮ್ಮನೆಯವರೇ ನ್ಯಾಯ ಹೇಳಿದರು. "ಕುಂಕುಮ ಹಾಕಿಸೂಣು. ಶುಭ ಆಗತದ, ಯಾರಿಗೂ ತ್ರಾಸಿಲ್ಲ."

ನಮ್ಮನೆಯವರು ಒಳ್ಳೆಯವರು. ಒಳ್ಳೆಯವರ ನ್ಯಾಯ ಹೀಗೇ ಇರುತ್ತದೆ. ತ್ರಾಸಾದವಳೊಬ್ಬಳನ್ನು ಬಿಟ್ಟರೆ ಯಾರಿಗೂ ತ್ರಾಸಿಲ್ಲ.

ಹೊಸ ಟಾಕ್‌ಗಳು ಬಂದವು. ಅಗಲ ಕುಂಕುಮ, ತಾಳಿ, ತುಂಬು ಸೆರಗು. ಲಗ್ನದ ಹೆಣ್ಣಿನ ಹಾಗೆ ಲಕಲಕ. ಕಾಕಾ ತಮ್ಮ ಶೀಟಿನಲ್ಲೂ ಅಜ್ಜಿಯ ಹೆಸರಿನ ಪಕ್ಕ ‘ಟಾಕಿನಲ್ಲಿರುವವರು’ ಎಂದು ಶಾಯಿಯಲ್ಲಿ ಬರೆದುಬಿಟ್ಟರು. ಅಭಿಷೇಕ ಮಾಡಿ ಜಗಲಿಗೇರಿಸಿದೆವು. ಅಜ್ಜನ ತಂಗಿ ಮರದಲ್ಲಂತೂ ಇರಲಿಲ್ಲ. ಈಗ ಜಗಲಿಯಿಂದಲೂ ಇಳಿದಳು.

ಅತ್ಯಾ ಬಾಗಿಲಲ್ಲೇ ನಿಂತು ನೋಡಿದರು. "ಹಳೇವ ಏನ ಮಾಡಿದ್ರು?"

"ಎಲ್ಲಾ ಕೂಡಿಸಿ ಕರಗಿಸ್ಯಾರ್ರಿ ಅತ್ಯಾ. ಅದೇ ಬೆಳ್ಳಿಯಾಗ ಇವನ್ನ ಮಾಡ್ಯಾರ."

ಅತ್ಯಾ ಟಾಕ್‌ಗಳನ್ನು ಒಂದೊಂದಾಗಿ ನೋಡಿದರು. "ಹಂಗಾರ ಎಲ್ಲಾದರಾಗೂ ಇಷ್ಟಿಷ್ಟು ಅದಾಳ ಬಿಡು," ಎಂದು ಕೈಮುಗಿದು ಒಳಗೆ ಹೋದರು.

ನಳದಲ್ಲಿ ನೀರು ಬಂದರೂ ದೇವರ ದಯೆ, ಹಾಲು ಒಡೆಯದಿದ್ದರೂ ದೇವರ ದಯೆ ಎನ್ನುವವಳು ನಾನು. ಆದರೂ ಕೇಳುತ್ತೇನೆ: ಇಷ್ಟಿಷ್ಟರಲ್ಲೇ ಸಮಾಧಾನಪಡುವುದನ್ನು ನಮಗೆ ಕಲಿಸಿದವರು ಯಾರು?